ಕಾರು ಹಂಚಿಕೆ ಸೇವೆ

ಕಾರು ಹಂಚಿಕೆ ಅಥವಾ ಕಾರ್‌ಶೇರಿಂಗ್ ಎಂಬುದು ಒಂದೇ ಕಾರನ್ನು ಹಲವು ಸದಸ್ಯರು ಬೇರೆ ಬೇರೆ ಹೊತ್ತಿನಲ್ಲಿ, ತಾವೇ ಚಾಲನೆ ಮಾಡಿಕೊಂಡು ಬಳಸುವ ವ್ಯವಸ್ಥೆ. ಕಾರಿನ ಒಡೆತನ ಸಹಕಾರ ಸಂಘದ್ದೋ ಕಂಪನಿಯದ್ದೋ ಕೆಲವೊಮ್ಮೆ ಖಾಸಗಿ ವ್ಯಕ್ತಿಯದ್ದೋ ಆಗಿರುತ್ತದೆ. ಬಳಸುವವರು ನಿಮಿಷ, ಗಂಟೆ ಅಥವಾ ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಡುತ್ತಾರೆ. ವಿಮೆ, ತೆರಿಗೆ ಮತ್ತು ದುರಸ್ತಿಯ ಹೊಣೆ ಸಾಮಾನ್ಯವಾಗಿ ಸೇವೆ ಒದಗಿಸುವವರದು. ಅನೇಕ ಕಡೆ ಇಂಧನದ ವೆಚ್ಚವೂ ಬಾಡಿಗೆಯಲ್ಲಿಯೇ ಸೇರಿರುತ್ತದೆ.

ಈ ಕಲ್ಪನೆಯ ಮೊದಲ ಪ್ರಯೋಗ 1948ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ನಡೆಯಿತು. 1980ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಗಳಲ್ಲಿ ಅದು ಬೇರೂರಿತು. 2000ದ ನಂತರ ಉತ್ತರ ಅಮೆರಿಕದಲ್ಲಿ ದೊಡ್ಡ ಉದ್ಯಮವಾಯಿತು. ಭಾರತದಲ್ಲಿ 2013ರಿಂದೀಚೆಗೆ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಇದಕ್ಕೆ ಹತ್ತಿರವಾದ, ಆದರೆ ಸ್ವಭಾವದಲ್ಲಿ ಭಿನ್ನವಾದ ಸೇವೆಗಳು ಬೆಳೆದವು. ಈ ಕ್ಷೇತ್ರದ ಇತಿಹಾಸದಲ್ಲಿ ಎದ್ದು ಕಾಣುವ ಸಂಗತಿಯೊಂದಿದೆ. ಬೃಹತ್ ಕಾರು ಕಂಪನಿಗಳು ಅಪಾರ ಬಂಡವಾಳ ಹೂಡಿ ಆರಂಭಿಸಿದ ಹಲವು ಸೇವೆಗಳು ಹತ್ತು ಹನ್ನೆರಡು ವರ್ಷಗಳೊಳಗೆ ಮುಚ್ಚಿದವು ಅಥವಾ ಕೈಬದಲಾದವು; ಬೆರಳೆಣಿಕೆಯ ಸದಸ್ಯರಿಂದ ಶುರುವಾದ ಕೆಲವು ಸಂಸ್ಥೆಗಳು ಮೂರು ದಶಕಗಳ ನಂತರವೂ ನಡೆಯುತ್ತಿವೆ.

ಇತರ ಸೇವೆಗಳಿಗಿಂತ ಇರುವ ವ್ಯತ್ಯಾಸ

ಕಾರು ಹಂಚಿಕೆ ಮತ್ತು ಪಯಣ ಹಂಚಿಕೆ ಎರಡೂ ಒಂದೇ ಎಂದು ತಿಳಿಯುವುದುಂಟು. ಒಂದೇ ದಿಕ್ಕಿಗೆ ಹೋಗುವ ನಾಲ್ವರು ಒಂದೇ ಕಾರಿನಲ್ಲಿ ಜೊತೆಯಾಗಿ ಪ್ರಯಾಣಿಸಿದರೆ ಅದು ಪಯಣ ಹಂಚಿಕೆ, ಅಂದರೆ ಕಾರ್‌ಪೂಲಿಂಗ್. ಆ ನಾಲ್ವರು ಒಂದೇ ಕಾರನ್ನು ನಾಲ್ಕು ಬೇರೆ ಹೊತ್ತಿನಲ್ಲಿ ಬಳಸಿದರೆ ಅದು ಕಾರು ಹಂಚಿಕೆ. ಓಲಾ, ಊಬರ್ ಮೊದಲಾದ ಸೇವೆಗಳಲ್ಲಿ ಚಾಲಕನಿರುವುದರಿಂದ ಅವು ಟ್ಯಾಕ್ಸಿಯ ವರ್ಗಕ್ಕೆ ಸೇರುತ್ತವೆ.

ಸಾಂಪ್ರದಾಯಿಕ ಕಾರು ಬಾಡಿಗೆಗೂ ಇದಕ್ಕೂ ನಡುವಿನ ಗಡಿ ಅಷ್ಟು ಖಚಿತವಲ್ಲ. ಬಾಡಿಗೆ ಕಾರನ್ನು ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿ, ವಿಮಾನ ನಿಲ್ದಾಣದ ಬಳಿಯೋ ಕಂಪನಿಯ ಕಚೇರಿಯಲ್ಲಿಯೋ, ಪ್ರತಿ ಬಾರಿಯೂ ಹೊಸದಾಗಿ ಕಾಗದಪತ್ರಕ್ಕೆ ಸಹಿ ಹಾಕಿ ಪಡೆಯಬೇಕು. ಹಂಚಿಕೆಯ ಕಾರು ಬಳಕೆದಾರನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಬೀದಿಬದಿಯಲ್ಲೇ ನಿಂತಿರುತ್ತದೆ. ಸದಸ್ಯತ್ವ ಪಡೆಯುವಾಗ ಒಮ್ಮೆ ಚಾಲನಾ ಪರವಾನಗಿಯ ಪರಿಶೀಲನೆ ಆದರೆ ಸಾಕು. ಮುಂದೆ ನಡುರಾತ್ರಿಯಲ್ಲಿಯೂ ಯಾರ ಸಹಾಯವಿಲ್ಲದೆ ಒಂದು ಗಂಟೆಯ ಮಟ್ಟಿಗೆ ಕಾರನ್ನು ತೆಗೆದುಕೊಂಡು ಹೋಗಬಹುದು. ಬಾಡಿಗೆ ಕಾರು ಪ್ರವಾಸಿಗನ ಅಗತ್ಯಕ್ಕೆ ಹುಟ್ಟಿದ್ದು. ಹಂಚಿಕೆಯ ಕಾರು ಊರಿನಲ್ಲೇ ಇರುವವನು ಸ್ವಂತ ಕಾರು ಕೊಳ್ಳದೆ ಇರಲೆಂದು ಹುಟ್ಟಿದ್ದು. ಹೆಸರು ಏನೇ ಇರಲಿ, ಒಂದು ಸೇವೆಯನ್ನು ಅಳೆಯಲು ಈ ಉದ್ದೇಶವೇ ತಕ್ಕ ಅಳತೆಗೋಲು.

ಕಾರ್ಯವಿಧಾನ ಮತ್ತು ಮಾದರಿಗಳು

ಆರಂಭದ ಸಂಘಗಳಲ್ಲಿ ಕಾರಿನ ಕೀಲಿಯನ್ನು ನಿಲುಗಡೆಯ ಬಳಿಯ ಸಣ್ಣ ಪೆಟ್ಟಿಗೆಯಲ್ಲಿ ಇಡಲಾಗುತ್ತಿತ್ತು. ದೂರವಾಣಿಯ ಮೂಲಕ ಹೊತ್ತನ್ನು ಕಾಯ್ದಿರಿಸಿದ ಸದಸ್ಯ ಪೆಟ್ಟಿಗೆ ತೆರೆದು ಕೀಲಿ ಪಡೆದು, ಓಡಿಸಿದ ದೂರವನ್ನು ಕಾರಿನೊಳಗಿನ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಲೆಕ್ಕವೆಲ್ಲ ನಂಬಿಕೆಯ ಮೇಲೆ ನಡೆಯುತ್ತಿದ್ದುದರಿಂದ ಸದಸ್ಯರು ಪರಸ್ಪರ ಪರಿಚಿತರಾಗಿರುವುದು ಅಗತ್ಯವಾಗಿತ್ತು. ಮುಂದೆ ಸ್ಮಾರ್ಟ್ ಕಾರ್ಡ್, ಜಿಪಿಎಸ್ ಮತ್ತು ಮೊಬೈಲ್ ಆ್ಯಪ್‌ಗಳು ಬಂದ ಮೇಲೆ ಬಾಗಿಲು ತೆರೆಯುವುದರಿಂದ ಹಿಡಿದು ಬಿಲ್ ಕಳುಹಿಸುವವರೆಗಿನ ಕೆಲಸ ತಾನಾಗಿಯೇ ನಡೆಯುವಂತಾಯಿತು. ಅಪರಿಚಿತರ ನಡುವೆಯೂ ಹಂಚಿಕೆ ಸಾಧ್ಯವಾದದ್ದು ಈ ತಂತ್ರಜ್ಞಾನದಿಂದ.

ಇಂದು ನಾಲ್ಕು ಮಾದರಿಗಳು ಬಳಕೆಯಲ್ಲಿವೆ. ಅತ್ಯಂತ ಹಳೆಯದು ಮರಳಿ ತರುವ ಮಾದರಿ. ಇದರಲ್ಲಿ ಕಾರನ್ನು ಎಲ್ಲಿಂದ ಒಯ್ಯಲಾಯಿತೋ ಅದೇ ಜಾಗಕ್ಕೆ ತಂದು ನಿಲ್ಲಿಸಬೇಕು. ಎರಡನೆಯದು ಏಕಮುಖ ಮಾದರಿ. ಒಂದು ನಿಲ್ದಾಣದಿಂದ ಪಡೆದ ಕಾರನ್ನು ಮತ್ತೊಂದು ನಿಲ್ದಾಣದಲ್ಲಿ ಬಿಡಬಹುದು. ಮೂರನೆಯದು ಮುಕ್ತ ನಿಲುಗಡೆಯ ಮಾದರಿ; ಗೊತ್ತುಪಡಿಸಿದ ಪ್ರದೇಶದೊಳಗೆ ಸಾರ್ವಜನಿಕ ನಿಲುಗಡೆಗೆ ಅವಕಾಶವಿರುವ ಯಾವ ಬೀದಿಯಲ್ಲಾದರೂ ಕಾರನ್ನು ಬಿಟ್ಟು ಹೋಗಬಹುದು. ನಾಲ್ಕನೆಯದು ವ್ಯಕ್ತಿಯಿಂದ ವ್ಯಕ್ತಿಗೆ ನಡೆಯುವ ಹಂಚಿಕೆ. ಖಾಸಗಿ ಮಾಲೀಕರು ತಮ್ಮ ಕಾರು ಸುಮ್ಮನೆ ನಿಂತಿರುವ ದಿನಗಳಲ್ಲಿ ಅದನ್ನು ಆ್ಯಪ್‌ನ ಮೂಲಕ ಇತರರಿಗೆ ಕೊಡುತ್ತಾರೆ.

ಬಳಕೆದಾರನಿಗೆ ಮೂರನೆಯ ಮಾದರಿ ಅತ್ಯಂತ ಅನುಕೂಲಕರ. ನಡೆಸುವವರಿಗೆ ಅತ್ಯಂತ ದುಬಾರಿ. ಬೆಳಿಗ್ಗೆ ಬಡಾವಣೆಗಳಿಂದ ಹೊರಟ ಕಾರುಗಳೆಲ್ಲ ನಗರದ ಮಧ್ಯಭಾಗದಲ್ಲಿ ಗುಂಪಾಗುತ್ತವೆ. ಅವು ಅಲ್ಲಿ ಸಂಜೆಯವರೆಗೆ ನಿಂತಿದ್ದರೆ ಆದಾಯವಿಲ್ಲ. ಬೇಕಿರುವ ಕಡೆಗೆ ಅವುಗಳನ್ನು ಸಾಗಿಸಲು ಸಿಬ್ಬಂದಿಯ ಖರ್ಚು. ಇದರ ಮೇಲೆ ನಗರಾಡಳಿತಕ್ಕೆ ನಿಲುಗಡೆ ಶುಲ್ಕ, ತೊಳೆಯುವ ಮತ್ತು ಇಂಧನ ತುಂಬಿಸುವ ವೆಚ್ಚ. ಮರಳಿ ತರುವ ಮಾದರಿಯಲ್ಲಿ ಕಾರನ್ನು ಸ್ವಸ್ಥಾನಕ್ಕೆ ತರುವ ಕೆಲಸವನ್ನು ಸದಸ್ಯನೇ ಮಾಡುವುದರಿಂದ ಈ ತಲೆನೋವು ಇಲ್ಲ. ಆಕರ್ಷಕವಲ್ಲದ ಈ ಹಳೆಯ ಮಾದರಿ ಹೆಚ್ಚು ಕಾಲ ಬಾಳಿರುವುದಕ್ಕೆ ಇದು ಮುಖ್ಯ ಕಾರಣ.

ಖರ್ಚಿನ ಲೆಕ್ಕಾಚಾರ

ಸ್ವಂತ ಕಾರಿನ ವೆಚ್ಚದ ದೊಡ್ಡ ಪಾಲು ಅದನ್ನು ಓಡಿಸುವ ಮೊದಲೇ ಆಗಿಹೋಗಿರುತ್ತದೆ. ಕಾರಿನ ಬೆಲೆ, ಸಾಲದ ಬಡ್ಡಿ, ರಸ್ತೆ ತೆರಿಗೆ, ವಿಮೆ ಇವೆಲ್ಲ ಕಾರು ಓಡಿದರೂ ಓಡದಿದ್ದರೂ ತಪ್ಪುವುದಿಲ್ಲ. ಹೀಗಾಗಿ ಮನೆಯ ಮುಂದೆ ಕಾರಿರುವವನಿಗೆ ಪ್ರತಿ ಪಯಣದಲ್ಲಿ ಕಣ್ಣಿಗೆ ಬೀಳುವ ಖರ್ಚು ಪೆಟ್ರೋಲಿನದು ಮಾತ್ರ. ಆ ಲೆಕ್ಕದಲ್ಲಿ ಬಸ್ಸಿಗಿಂತ ಕಾರೇ ಅಗ್ಗವಾಗಿ ತೋರಿದರೂ ಆಶ್ಚರ್ಯವಿಲ್ಲ. ಹಂಚಿಕೆಯ ಕಾರಿನಲ್ಲಿ ಎಲ್ಲ ವೆಚ್ಚವೂ ಗಂಟೆ ಮತ್ತು ಕಿಲೋಮೀಟರ್‌ಗಳಿಗೆ ಹಂಚಿಹೋಗಿ, ಪ್ರತಿ ಪಯಣದ ನಿಜವಾದ ಬೆಲೆ ಅಲ್ಲಿಯೇ ಗೋಚರಿಸುತ್ತದೆ. ಅದನ್ನು ಕಂಡ ಸದಸ್ಯ ಸಮೀಪದ ಕೆಲಸಕ್ಕೆ ನಡೆಯುತ್ತಾನೆ, ದಿನನಿತ್ಯದ ಓಡಾಟಕ್ಕೆ ರೈಲು ಹಿಡಿಯುತ್ತಾನೆ, ಭಾರದ ಸಾಮಾನು ತರಬೇಕಾದಾಗಲೋ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗಲೋ ಕಾರನ್ನು ಕಾಯ್ದಿರಿಸುತ್ತಾನೆ.

ಈ ಲೆಕ್ಕಾಚಾರಕ್ಕೆ ಒಂದು ಮಿತಿಯಿದೆ. ಪ್ರತಿದಿನವೂ ಬಹು ದೂರ ಕಾರಿನಲ್ಲೇ ಓಡಾಡಬೇಕಾದವರಿಗೆ ಸ್ವಂತ ಕಾರೇ ಅಗ್ಗ. ಉಳಿದ ದಿನಗಳ ಓಡಾಟಕ್ಕೆ ಒಳ್ಳೆಯ ಬಸ್ಸು, ರೈಲು, ಕಾಲುದಾರಿಗಳಿಲ್ಲದ ಊರಿನಲ್ಲಿ ಕಾರು ಹಂಚಿಕೆ ಕಾರಿಗೆ ಪರ್ಯಾಯವಾಗಲಾರದು.

ಇತಿಹಾಸ

ಮೊದಲ ಪ್ರಯೋಗಗಳು

1948ರಲ್ಲಿ ಜ್ಯೂರಿಕ್‌ನ ಒಂದು ವಸತಿ ಸಹಕಾರ ಸಂಘದ ಆವರಣದಲ್ಲಿ ಸೆಫಾಗೆ ಎಂಬ ಸಂಘ ಆರಂಭವಾಯಿತು. ಸ್ವಯಂಚಾಲಕರ ಸಹಕಾರ ಸಂಘ ಎಂಬ ಅರ್ಥದ ಜರ್ಮನ್ ಪದದ ಸಂಕ್ಷಿಪ್ತ ರೂಪವಿದು. ಇದರ ಹಿಂದೆ ಪರಿಸರದ ಕಾಳಜಿಯೇನೂ ಇರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಆ ವರ್ಷಗಳಲ್ಲಿ ಒಬ್ಬೊಬ್ಬರೇ ಕಾರು ಕೊಳ್ಳುವ ಶಕ್ತಿಯಿಲ್ಲದ ಕುಟುಂಬಗಳು ಒಟ್ಟಾಗಿ ಕಾರು ಇಟ್ಟುಕೊಳ್ಳುವ ಉಪಾಯ ಅದಾಗಿತ್ತು. ಈ ಸಂಘ 1998ರವರೆಗೆ ಉಳಿದಿತ್ತು.

ಫ್ರಾನ್ಸಿನ ಮೊಂಪೆಲಿಯೆ ನಗರದಲ್ಲಿ 1971ರಲ್ಲಿ ಆರಂಭವಾದ ಪ್ರೊಕೊಟಿಪ್ ಎಂಬ ಯೋಜನೆ ಎರಡು ವರ್ಷಗಳಲ್ಲಿ ನಿಂತುಹೋಯಿತು. ಇದಕ್ಕಿಂತ ಹೆಚ್ಚು ಹೆಸರಾದದ್ದು ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನ ವಿಟ್‌ಕಾರ್, ಅಂದರೆ ಬಿಳಿ ಕಾರು. 1960ರ ದಶಕದಲ್ಲಿ ಅದೇ ನಗರದಲ್ಲಿ ಎಲ್ಲರಿಗೂ ಉಚಿತವಾಗಿ ಬಿಳಿ ಸೈಕಲ್‌ಗಳನ್ನು ಒದಗಿಸಬೇಕೆಂಬ ಯೋಜನೆಯನ್ನು ಮುಂದಿಟ್ಟಿದ್ದ ಲುಡ್ ಸ್ಖಿಮೆಲ್‌ಪೆನ್ನಿಂಕ್ ಇದರ ರೂವಾರಿ. 1974ರಲ್ಲಿ ಬೀದಿಗಿಳಿದ ವಿಟ್‌ಕಾರ್ ಇಬ್ಬರು ಕುಳಿತುಕೊಳ್ಳಬಹುದಾದ, ಮೂರು ಚಕ್ರಗಳ, ವಿದ್ಯುತ್ತಿನಿಂದ ಓಡುವ ಪುಟ್ಟ ವಾಹನ. ನಿಲ್ದಾಣಗಳಲ್ಲಿ ಬ್ಯಾಟರಿ ಭರ್ತಿಯ ಏರ್ಪಾಡು ಇತ್ತು. ವಾಹನಗಳ ಬಳಕೆಯ ನಿಯಂತ್ರಣಕ್ಕೆ ಗಣಕಯಂತ್ರವನ್ನು ಬಳಸಲಾಗಿತ್ತು. ಏಕಮುಖ ಪಯಣ, ವಿದ್ಯುತ್ ವಾಹನ, ಗಣಕೀಕೃತ ನಿರ್ವಹಣೆ ಈ ಮೂರನ್ನೂ ಒಟ್ಟುಗೂಡಿಸಿದ್ದರಿಂದ, ನಾಲ್ಕು ದಶಕಗಳ ನಂತರ ಹೊಸತೆಂದು ಪ್ರಚಾರ ಪಡೆದ ಸೇವೆಗಳ ಮೂಲರೂಪವನ್ನು ಇದರಲ್ಲಿ ಕಾಣಬಹುದು. ಆದರೆ ನಿಲ್ದಾಣಗಳ ಸಂಖ್ಯೆ ಯೋಜಿಸಿದಂತೆ ಬೆಳೆಯಲಿಲ್ಲ. ಸಾವಿರಾರು ಸದಸ್ಯರು ಸೇರಿದ್ದರೂ ಸುಮಾರು 35 ವಾಹನಗಳು ಮಾತ್ರ ಓಡಾಡಿದವು. 1986ರಲ್ಲಿ ಯೋಜನೆ ಕೊನೆಗೊಂಡಿತು.

ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿ

1987ರಲ್ಲಿ ಸ್ವಿಟ್ಜರ್ಲೆಂಡಿನ ಸ್ಟಾನ್ಸ್ ಎಂಬ ಸಣ್ಣ ಊರಿನಲ್ಲಿ ಒಂದು, ಜ್ಯೂರಿಕ್‌ನಲ್ಲಿ ಇನ್ನೊಂದು ಕಾರು ಹಂಚಿಕೆ ಸಂಘಗಳು ಹುಟ್ಟಿಕೊಂಡವು. ಹತ್ತು ವರ್ಷಗಳ ನಂತರ, 1997ರಲ್ಲಿ, ಇವೆರಡೂ ವಿಲೀನಗೊಂಡು ಮೊಬಿಲಿಟಿ ಎಂಬ ಸಹಕಾರ ಸಂಸ್ಥೆಯಾಯಿತು. ಸಂಸ್ಥೆ ದೇಶದ ರೈಲ್ವೆಯೊಡನೆ ಕೈಜೋಡಿಸಿ, ರೈಲು ನಿಲ್ದಾಣಗಳಲ್ಲಿಯೇ ತನ್ನ ಕಾರುಗಳನ್ನು ನಿಲ್ಲಿಸುವ ಏರ್ಪಾಡು ಮಾಡಿಕೊಂಡಿತು. ಪ್ರಯಾಣಿಕ ದೂರದ ಊರಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಮುಂದಿನ ಹಳ್ಳಿಗೆ ಹಂಚಿಕೆಯ ಕಾರನ್ನು ಬಳಸಬಹುದು. ತೊಂಬತ್ತು ಲಕ್ಷದಷ್ಟು ಜನಸಂಖ್ಯೆಯ ಆ ದೇಶದಲ್ಲಿ ಈ ಸಂಸ್ಥೆಯ ಸುಮಾರು 3,000 ಕಾರುಗಳು ಸುಮಾರು 1,500 ಸ್ಥಳಗಳಲ್ಲಿ ಲಭ್ಯವಿವೆ. ದೊಡ್ಡ ನಗರಗಳಲ್ಲಷ್ಟೇ ಅಲ್ಲದೆ ಸಣ್ಣ ಊರುಗಳಲ್ಲಿಯೂ ಒಂದೆರಡು ಕಾರುಗಳಿರುವುದು ಇದರ ವೈಶಿಷ್ಟ್ಯ.

ಜರ್ಮನಿಯ ಬರ್ಲಿನ್‌ನಲ್ಲಿ 1988ರಲ್ಲಿ ಸ್ಟಾಟ್‌ಆಟೋ ಆರಂಭವಾಯಿತು. ಈ ಹೆಸರಿನಲ್ಲಿ ಒಂದು ಶ್ಲೇಷೆಯಿದೆ. ಬರೆದಂತೆ ಓದಿದರೆ ಕಾರಿನ ಬದಲಿಗೆ ಎಂಬರ್ಥ. ಕಿವಿಗೆ ಅದು ನಗರದ ಕಾರು ಎಂದೂ ಕೇಳಿಸುತ್ತದೆ.

ಉತ್ತರ ಅಮೆರಿಕದ ವಿಸ್ತರಣೆ

ಕೆನಡಾದ ಕ್ವಿಬೆಕ್ ನಗರದಲ್ಲಿ ಬೆನ್ವಾ ರೊಬೇರ್ 1994ರಲ್ಲಿ ಆರಂಭಿಸಿದ ಸೇವೆ ಮುಂದೆ ಕಮ್ಯುನಾಟೊ ಎಂಬ ಹೆಸರಿನಲ್ಲಿ ಬೆಳೆಯಿತು. ಅಮೆರಿಕ ಸಂಯುಕ್ತ ಸಂಸ್ಥಾನದ ಪೋರ್ಟ್‌ಲ್ಯಾಂಡ್‌ನಲ್ಲಿ 1998ರಲ್ಲಿ ಒಂದು ಸಂಸ್ಥೆ ಶುರುವಾಯಿತು. 2000ದಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಆಂಟ್ಯೆ ಡ್ಯಾನಿಯಲ್‌ಸನ್ ಮತ್ತು ರಾಬಿನ್ ಚೇಸ್ ಎಂಬ ಇಬ್ಬರು ಮಹಿಳೆಯರು ಜಿಪ್‌ಕಾರ್ ಸ್ಥಾಪಿಸಿದರು. ಕಾರ್ಡನ್ನು ಗಾಜಿನ ಮೇಲೆ ಹಿಡಿದರೆ ಬಾಗಿಲು ತೆರೆಯುವ ತಂತ್ರ, ವಿಶ್ವವಿದ್ಯಾಲಯಗಳ ಆವರಣದಲ್ಲಿ ನಿಲುಗಡೆ, ಯುವಜನರನ್ನು ಸೆಳೆಯುವ ಪ್ರಚಾರ ಇವುಗಳಿಂದ ಸಂಸ್ಥೆ ಬಹುಬೇಗ ಹರಡಿತು. 2007ರಲ್ಲಿ ಅದು ಸಿಯಾಟಲ್ ಮೂಲದ ಫ್ಲೆಕ್ಸ್‌ಕಾರ್‌ನೊಡನೆ ವಿಲೀನಗೊಂಡಿತು. 2011ರಲ್ಲಿ ಷೇರು ಮಾರುಕಟ್ಟೆಗೆ ಬಂದಿತು. 2013ರಲ್ಲಿ ಸಾಂಪ್ರದಾಯಿಕ ಬಾಡಿಗೆ ಕಂಪನಿಯಾದ ಏವಿಸ್ ಬಜೆಟ್ ಸುಮಾರು 50 ಕೋಟಿ ಡಾಲರ್‌ಗಳಿಗೆ ಅದನ್ನು ಕೊಂಡುಕೊಂಡಿತು. ವಾರಾಂತ್ಯದಲ್ಲಿ ಹಂಚಿಕೆಯ ಕಾರುಗಳಿಗೆ, ವಾರದ ನಡುವೆ ಬಾಡಿಗೆ ಕಾರುಗಳಿಗೆ ಬೇಡಿಕೆ ಹೆಚ್ಚಿರುವುದರಿಂದ ಒಂದೇ ವಾಹನ ಸಮೂಹವನ್ನು ಎರಡಕ್ಕೂ ಬಳಸಬಹುದೆಂಬ ಲೆಕ್ಕ ಆ ಖರೀದಿಯ ಹಿಂದೆ ಇತ್ತು.

ಕಾರು ತಯಾರಕರ ಪ್ರವೇಶ ಮತ್ತು ನಿರ್ಗಮನ

2008ರಲ್ಲಿ ಜರ್ಮನಿಯ ಉಲ್ಮ್ ನಗರದಲ್ಲಿ ಡೈಮ್ಲರ್ ಕಂಪನಿ ಕಾರ್‌ಟುಗೊ ಎಂಬ ಮುಕ್ತ ನಿಲುಗಡೆಯ ಸೇವೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಬಳಸಿದ್ದು ಇಬ್ಬರು ಕೂರುವ ಸ್ಮಾರ್ಟ್ ಕಾರು. ಬಾಡಿಗೆ ನಿಮಿಷದ ಲೆಕ್ಕದಲ್ಲಿ. 2011ರಲ್ಲಿ ಬಿಎಂಡಬ್ಲ್ಯು ಕಂಪನಿ ಬಾಡಿಗೆ ಸಂಸ್ಥೆಯಾದ ಸಿಕ್ಸ್ಟ್ ಜೊತೆಗೂಡಿ ಮ್ಯೂನಿಕ್‌ನಲ್ಲಿ ಡ್ರೈವ್‌ನೌ ಸೇವೆಯನ್ನು ತೆರೆಯಿತು. ಮುಂದೊಂದು ದಿನ ಜನ ಕಾರು ಕೊಳ್ಳುವುದನ್ನೇ ಬಿಟ್ಟರೆ ತಮ್ಮ ಗತಿಯೇನು ಎಂಬ ಆತಂಕ ತಯಾರಕರನ್ನು ಈ ಕ್ಷೇತ್ರಕ್ಕೆ ತಂದಿತ್ತು. ಅಮೆರಿಕದ ಜನರಲ್ ಮೋಟರ್ಸ್ ಕೂಡ 2016ರಲ್ಲಿ ಮೇವನ್ ಎಂಬ ಸೇವೆಯೊಂದಿಗೆ ಬಂದಿತು.

ಪ್ರತಿಸ್ಪರ್ಧಿಗಳಾದ ಡೈಮ್ಲರ್ ಮತ್ತು ಬಿಎಂಡಬ್ಲ್ಯು ತಮ್ಮ ಸೇವೆಗಳನ್ನು 2019ರಲ್ಲಿ ಒಂದುಗೂಡಿಸಿ ಶೇರ್‌ನೌ ಎಂದು ಕರೆದವು. ಆಗ ಅದಕ್ಕೆ ಸುಮಾರು 40 ಲಕ್ಷ ಗ್ರಾಹಕರಿದ್ದರು. ಅದೇ ವರ್ಷದ ಕೊನೆಯಲ್ಲಿ ಉತ್ತರ ಅಮೆರಿಕದಿಂದ ಪೂರ್ಣವಾಗಿ ಹಿಂದೆ ಸರಿಯುವ ಪ್ರಕಟಣೆ ಹೊರಬಿತ್ತು. 2020ರ ಫೆಬ್ರವರಿ ಕೊನೆಗೆ ಅಲ್ಲಿನ ಸೇವೆ ನಿಂತಿತು. ಮೇವನ್ 2020ರಲ್ಲಿ ಮುಚ್ಚಿತು. ಶೇರ್‌ನೌ 2022ರಲ್ಲಿ ಸ್ಟೆಲಾಂಟಿಸ್ ಸಮೂಹದ ಕೈಗೆ ಹೋಯಿತು. ಕಾರ್‌ಟುಗೊ ಬಿಟ್ಟುಹೋದ ಕೆನಡಾದ ಕ್ಯಾಲ್ಗರಿ ನಗರಕ್ಕೆ ಮರುವರ್ಷ ಬಂದದ್ದು 1994ರಲ್ಲಿ ಸಣ್ಣದಾಗಿ ಆರಂಭವಾಗಿದ್ದ ಕಮ್ಯುನಾಟೊ.

ಪ್ಯಾರಿಸ್‌ನ ಆಟೊಲಿಬ್

ನಗರಾಡಳಿತವೇ ಮುಂದೆ ನಿಂತು ನಡೆಸಿದ ಪ್ರಯೋಗಗಳಲ್ಲಿ ಪ್ಯಾರಿಸ್‌ನ ಆಟೊಲಿಬ್ ಅತ್ಯಂತ ದೊಡ್ಡದು. ಅಲ್ಲಿನ ಸೈಕಲ್ ಹಂಚಿಕೆ ಯೋಜನೆಯಾದ ವೆಲಿಬ್‌ನ ಯಶಸ್ಸಿನಿಂದ ಪ್ರೇರಿತವಾಗಿ 2011ರ ಡಿಸೆಂಬರ್‌ನಲ್ಲಿ ಇದು ಆರಂಭವಾಯಿತು. ಬೊಲೊರೆ ಸಮೂಹ ತಾನೇ ರೂಪಿಸಿದ ಬ್ಲೂಕಾರ್ ಎಂಬ ವಿದ್ಯುತ್ ಕಾರುಗಳನ್ನು ಒದಗಿಸಿತು. ಬೀದಿಬದಿಯಲ್ಲಿ ಬ್ಯಾಟರಿ ಭರ್ತಿಯ ಕಂಬಗಳಿರುವ ನಿಲ್ದಾಣಗಳು ಪ್ಯಾರಿಸ್‌ನಲ್ಲಿಯೂ ಸುತ್ತಲಿನ ಪಟ್ಟಣಗಳಲ್ಲಿಯೂ ತಲೆಯೆತ್ತಿದವು. ಉತ್ತುಂಗದ ಕಾಲದಲ್ಲಿ ಸುಮಾರು 4,000 ಕಾರುಗಳಿದ್ದವು.

ಆರಂಭದ ಉತ್ಸಾಹ ಹೆಚ್ಚು ಕಾಲ ಉಳಿಯಲಿಲ್ಲ. ಕಾರುಗಳ ಒಳಭಾಗ ಕೊಳಕಾಗಿರುತ್ತದೆ, ಕಾಯ್ದಿರಿಸಿದ ಕಾರು ಕೆಟ್ಟು ನಿಂತಿರುತ್ತದೆ ಎಂಬ ದೂರುಗಳು ಹೆಚ್ಚಿದವು. ಆ್ಯಪ್ ಆಧಾರಿತ ಟ್ಯಾಕ್ಸಿಗಳು ಬಂದ ಮೇಲೆ ಸಣ್ಣ ಏಕಮುಖ ಪಯಣಗಳಿಗೆ ಹೊಸ ಪೈಪೋಟಿ ಎದುರಾಯಿತು. ನಷ್ಟ ಒಂದು ಮಿತಿ ದಾಟಿದರೆ ಉಳಿದದ್ದನ್ನು ಸ್ಥಳೀಯ ಆಡಳಿತಗಳು ಭರಿಸಬೇಕೆಂಬ ಒಪ್ಪಂದವಿದ್ದುದರಿಂದ ವಿವಾದವೆದ್ದಿತು. ಕಂಪನಿ 20 ಕೋಟಿ ಯೂರೊಗಳಿಗೂ ಮೀರಿದ ಮೊತ್ತವನ್ನು ಕೇಳಿತು; ಸ್ಥಳೀಯ ಆಡಳಿತಗಳ ಒಕ್ಕೂಟ ಕೊಡಲೊಪ್ಪದೆ 2018ರ ಜೂನ್‌ನಲ್ಲಿ ಒಪ್ಪಂದವನ್ನೇ ರದ್ದುಪಡಿಸಿತು. 2018ರ ಜುಲೈ 31ರಂದು ಸೇವೆ ಅಂತ್ಯಗೊಂಡಿತು. ಬೀದಿಯಲ್ಲಿ ಉಳಿದ ಭರ್ತಿ ಕಂಬಗಳು ಮುಂದೆ ಖಾಸಗಿ ವಿದ್ಯುತ್ ಕಾರುಗಳಿಗೆ ಉಪಯೋಗಕ್ಕೆ ಬಂದವು.

ಪರಿಣಾಮಗಳು

ಹಂಚಿಕೆಯ ಒಂದು ಕಾರು ಎಷ್ಟು ಖಾಸಗಿ ಕಾರುಗಳನ್ನು ರಸ್ತೆಯಿಂದ ತೆಗೆಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಅತ್ಯಂತ ಹೆಚ್ಚು ಉಲ್ಲೇಖಗೊಳ್ಳುವ, ಎಚ್ಚರಿಕೆಯಿಂದ ಓದಬೇಕಾದ ಪ್ರಶ್ನೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್‌ಲಿ ಕೇಂದ್ರದ ಸಂಶೋಧಕರಾದ ಎಲಿಯಟ್ ಮಾರ್ಟಿನ್, ಸೂಸನ್ ಶಾಹೀನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಉತ್ತರ ಅಮೆರಿಕದ ಅಧ್ಯಯನದ ಪ್ರಕಾರ ಒಂದು ಹಂಚಿಕೆಯ ಕಾರು 9ರಿಂದ 13 ಖಾಸಗಿ ಕಾರುಗಳ ಜಾಗವನ್ನು ತುಂಬುತ್ತದೆ. ಸದಸ್ಯ ಕುಟುಂಬಗಳ ಬಳಿಯಿದ್ದ ಕಾರುಗಳ ಸರಾಸರಿ ಸಂಖ್ಯೆ 0.47ರಿಂದ 0.24ಕ್ಕೆ ಇಳಿದಿತ್ತು. ಈ ಅಂಕಿಯಲ್ಲಿ ಮಾರಲಾದ ಕಾರುಗಳ ಜೊತೆಗೆ, ಸೇವೆ ಇಲ್ಲದಿದ್ದರೆ ಕೊಳ್ಳುತ್ತಿದ್ದೆವು ಎಂದು ಸದಸ್ಯರು ಹೇಳಿದ ಕಾರುಗಳೂ ಸೇರಿವೆ. ಎರಡನೆಯದು ಊಹೆಯನ್ನು ಆಧರಿಸಿದ ಉತ್ತರವಾದ್ದರಿಂದ ಅದನ್ನು ಮೊದಲನೆಯದರಷ್ಟೇ ಗಟ್ಟಿಯೆಂದು ಎಣಿಸಲಾಗದು. ಇದೇ ಸಂಶೋಧಕರು ಕಾರ್‌ಟುಗೊ ಕುರಿತು 2016ರಲ್ಲಿ ಪ್ರಕಟಿಸಿದ ಐದು ನಗರಗಳ ಅಧ್ಯಯನದಲ್ಲಿ ಈ ಸಂಖ್ಯೆ 7ರಿಂದ 11ರಷ್ಟಿತ್ತು.

ಮಾಲಿನ್ಯದ ವಿಷಯದಲ್ಲಿ ಚಿತ್ರ ಇನ್ನಷ್ಟು ಸಂಕೀರ್ಣ. ಹಿಂದೆ ಕಾರೇ ಇಲ್ಲದಿದ್ದ ಕುಟುಂಬಗಳು ಸೇವೆಗೆ ಸೇರಿದ ಮೇಲೆ ಅಲ್ಪಸ್ವಲ್ಪ ಕಾರು ಬಳಸತೊಡಗುತ್ತವೆ. ಅವುಗಳ ಮಟ್ಟಿಗೆ ಹೊಗೆ ಹೆಚ್ಚಾಯಿತೆಂದೇ ಅರ್ಥ. ಕಾರು ಮಾರಿದ ಕೆಲವೇ ಕುಟುಂಬಗಳ ಬಳಕೆ ಬಹಳಷ್ಟು ಇಳಿಯುತ್ತದೆ. ಉತ್ತರ ಅಮೆರಿಕದ ಅಧ್ಯಯನದಲ್ಲಿ ಹೆಚ್ಚಳ ಕಂಡ ಕುಟುಂಬಗಳೇ ಬಹುಸಂಖ್ಯೆಯಲ್ಲಿದ್ದರೂ, ಇಳಿಕೆಯ ಒಟ್ಟು ಪ್ರಮಾಣ ದೊಡ್ಡದಾದ್ದರಿಂದ ಒಟ್ಟಾರೆ ಹೊರಸೂಸುವಿಕೆ ಕಡಿಮೆಯಾಗಿತ್ತು. ಕಾರಿಲ್ಲದವರಿಗೆ ಅಗತ್ಯ ಬಿದ್ದಾಗ ಕಾರು ದೊರೆಯುವುದನ್ನು ನಷ್ಟವೆಂದು ಮಾತ್ರ ಎಣಿಸುವುದೂ ಸರಿಯಲ್ಲ.

ನಿಲುಗಡೆಯ ಜಾಗ

ಹಂಚಿಕೆಯ ಕಾರಿಗೆ ಬೇಕಾದ ಮೊದಲ ಆಸ್ತಿ ಅದು ನಿಲ್ಲುವ ಹತ್ತು ಹನ್ನೆರಡು ಚದರ ಮೀಟರ್ ನೆಲ. ಸದಸ್ಯ ಕಾರನ್ನು ಹಿಂದಿರುಗಿಸಲು ಬಂದಾಗ ಆ ಜಾಗದಲ್ಲಿ ಬೇರೊಂದು ಕಾರು ನಿಂತಿದ್ದರೆ ಇಡೀ ವ್ಯವಸ್ಥೆ ಕುಸಿಯುತ್ತದೆ. ಸಾರ್ವಜನಿಕ ಬೀದಿಯ ಒಂದು ತುಂಡನ್ನು ಒಂದು ಸಂಸ್ಥೆಗೆ ಮೀಸಲಿಡುವುದು ನ್ಯಾಯವೇ ಎಂಬ ಪ್ರಶ್ನೆಗೆ ನಗರಗಳು ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಜರ್ಮನಿಯ ಬ್ರೆಮೆನ್ ನಗರ 2003ರಿಂದ ಮೊಬಿಲ್‌ಪುಂಕ್ಟ್ ಎಂಬ ಹೆಸರಿನ ನಿಲ್ದಾಣಗಳನ್ನು ಸಾರ್ವಜನಿಕ ಸಾರಿಗೆ ಮತ್ತು ಸೈಕಲ್ ನಿಲುಗಡೆಗಳ ಜೊತೆಯಲ್ಲಿ ನಿರ್ಮಿಸುತ್ತ ಬಂದಿದೆ. 2017ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಜರ್ಮನಿಯ ಕಾರು ಹಂಚಿಕೆ ಕಾಯ್ದೆ ಇಂತಹ ಕಾರುಗಳಿಗೆ ಮೀಸಲು ಜಾಗ ಮತ್ತು ನಿಲುಗಡೆ ಶುಲ್ಕದಲ್ಲಿ ರಿಯಾಯಿತಿ ನೀಡಲು ಕಾನೂನಿನ ಆಧಾರ ಒದಗಿಸಿತು.

ಜಪಾನಿನಲ್ಲಿ ಪ್ರಶ್ನೆಯೇ ಬೇರೆ ರೀತಿಯಲ್ಲಿ ಬಗೆಹರಿದಿದೆ. ಅಲ್ಲಿ ಕಾರು ನೋಂದಾಯಿಸಬೇಕಾದರೆ ಅದನ್ನು ನಿಲ್ಲಿಸಲು ಸ್ವಂತ ಅಥವಾ ಬಾಡಿಗೆಯ ಜಾಗವಿದೆ ಎಂಬ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಸಲ್ಲಿಸಬೇಕು. ರಾತ್ರಿಯಿಡೀ ಬೀದಿಯಲ್ಲಿ ಬಿಡುವಂತಿಲ್ಲ. ಹೀಗೆ ಸ್ವಂತ ಕಾರಿನ ನಿಜವೆಚ್ಚದಲ್ಲಿ ಜಾಗದ ಬಾಡಿಗೆಯೂ ಸೇರುತ್ತದೆ. ದೇಶದಾದ್ಯಂತ ನಾಣ್ಯ ಹಾಕಿ ಬಳಸುವ ಸಣ್ಣ ನಿಲುಗಡೆ ತಾಣಗಳನ್ನು ನಡೆಸುವ ಪಾರ್ಕ್24 ಕಂಪನಿ ತನ್ನ ತಾಣಗಳಲ್ಲೇ ಒಂದೆರಡು ಹಂಚಿಕೆಯ ಕಾರುಗಳನ್ನಿಟ್ಟು, ಟೈಮ್ಸ್ ಕಾರ್ ಎಂಬ ಹೆಸರಿನಲ್ಲಿ ಆ ದೇಶದ ಅತಿ ದೊಡ್ಡ ಸೇವೆಯಾಗಿ ಬೆಳೆಯಿತು. ಕಾರು ತಯಾರಕರಿಗೆ ದಕ್ಕದ ಯಶಸ್ಸು ನಿಲುಗಡೆಯ ವ್ಯಾಪಾರಿಗೆ ದಕ್ಕಿದ ಉದಾಹರಣೆಯಿದು.

ಭಾರತದಲ್ಲಿ

ಭಾರತದಲ್ಲಿ ಈ ಸೇವೆಗಳು ಸೆಲ್ಫ್ ಡ್ರೈವ್ ಎಂಬ ಹೆಸರಿನಿಂದ ಹೆಚ್ಚು ಪರಿಚಿತ. 2013ರಲ್ಲಿ ಡೇವಿಡ್ ಬ್ಯಾಕ್ ಮತ್ತು ಗ್ರೆಗ್ ಮೊರಾನ್ ಎಂಬ ಇಬ್ಬರು ಅಮೆರಿಕನ್ನರು ಬೆಂಗಳೂರಿನಲ್ಲಿ 7 ಕಾರುಗಳೊಂದಿಗೆ ಜೂಮ್‌ಕಾರ್ ಆರಂಭಿಸಿದರು. ದೆಹಲಿಯ ಸುತ್ತಮುತ್ತ ಮೈಲ್ಸ್ ಮತ್ತು ರೆವ್, ಜೊತೆಗೆ ಜಸ್ಟ್‌ರೈಡ್ ಎಂಬ ಹೆಸರಿನಿಂದ ಆರಂಭವಾದ ಡ್ರೈವ್‌ಜಿ ಮೊದಲಾದವು ಇದನ್ನು ಹಿಂಬಾಲಿಸಿದವು.

ಗಂಟೆಯ ಲೆಕ್ಕದಲ್ಲಿ ಕಾರು ದೊರೆಯುತ್ತಿದ್ದರೂ ಇವುಗಳ ಮುಖ್ಯ ಬಳಕೆ ವಾರಾಂತ್ಯದ ಪ್ರವಾಸಕ್ಕೆ ಆಯಿತು. ಶುಕ್ರವಾರ ಸಂಜೆ ಬೆಂಗಳೂರಿನಿಂದ ಮಡಿಕೇರಿ, ಚಿಕ್ಕಮಗಳೂರು, ಊಟಿಗಳ ಕಡೆಗೆ ಹೊರಡುವವರು ಇವುಗಳ ಪ್ರಮುಖ ಗ್ರಾಹಕರು. ಮೇಲೆ ಹೇಳಿದ ಅಳತೆಗೋಲಿನಿಂದ ನೋಡಿದರೆ ಇದು ಬಾಡಿಗೆ ಕಾರಿಗೆ ಹತ್ತಿರವಾದದ್ದು. ನಗರದೊಳಗಿನ ದಿನನಿತ್ಯದ ಅಗತ್ಯಕ್ಕೆ ಅದು ಒದಗದಿರಲು ಕಾರಣಗಳು ಸ್ಪಷ್ಟ. ಯುರೋಪಿನಲ್ಲಿ ಚಾಲಕನ ಕೂಲಿ ದುಬಾರಿಯಾದ್ದರಿಂದ ತಾನೇ ಓಡಿಸುವುದರಲ್ಲಿ ಉಳಿತಾಯವಿದೆ. ಭಾರತದಲ್ಲಿ ಆಟೊ ಮತ್ತು ಟ್ಯಾಕ್ಸಿ ಮನೆಬಾಗಿಲಿಗೇ ಬರುತ್ತವೆ, ನಿಲುಗಡೆಯ ಚಿಂತೆಯೂ ಚಾಲಕನಿಗೇ ಸೇರಿದ್ದು. ದೇಶದ ನೋಂದಾಯಿತ ವಾಹನಗಳಲ್ಲಿ ಸುಮಾರು ಮುಕ್ಕಾಲು ಪಾಲು ದ್ವಿಚಕ್ರ ವಾಹನಗಳಾಗಿದ್ದು, ಸಣ್ಣ ಓಡಾಟಗಳನ್ನು ಅವೇ ನಿಭಾಯಿಸುತ್ತವೆ. ಬಹುತೇಕ ಬೀದಿಗಳಲ್ಲಿ ರಾತ್ರಿಯ ನಿಲುಗಡೆ ಉಚಿತವಾಗಿರುವುದರಿಂದ ಜಪಾನಿನಂತೆ ಸ್ವಂತ ಕಾರಿನ ಜಾಗದ ಬೆಲೆ ಯಾರ ಅನುಭವಕ್ಕೂ ಬರುವುದಿಲ್ಲ.

ಕಾರಿಗಿಂತ ಸ್ಕೂಟರ್‌ನಲ್ಲಿ ಹಂಚಿಕೆಯ ಮೂಲ ಸ್ವರೂಪ ಬೆಂಗಳೂರಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಂಡುಬಂತು. ಬೌನ್ಸ್, ವೋಗೊ ಸಂಸ್ಥೆಗಳ ಸ್ಕೂಟರ್‌ಗಳು ಮೆಟ್ರೊ ನಿಲ್ದಾಣದಿಂದ ಮನೆ ಅಥವಾ ಕಚೇರಿಯವರೆಗಿನ ಕೊನೆಯ ಒಂದೆರಡು ಕಿಲೋಮೀಟರ್‌ಗೆ ಬಳಕೆಯಾಗುತ್ತಿದ್ದವು. ಕೋವಿಡ್ ಕಾಲದಲ್ಲಿ ಕಚೇರಿಗಳು ಮುಚ್ಚಿದಾಗ ಈ ಬೇಡಿಕೆ ಬಿದ್ದುಹೋಯಿತು. ಬೌನ್ಸ್ 2021ರಲ್ಲಿ ವಿದ್ಯುತ್ ಸ್ಕೂಟರ್ ತಯಾರಿಕೆಯತ್ತ ಹೊರಳಿತು. ಯುಲು ಸಂಸ್ಥೆಯ ಸಣ್ಣ ವಿದ್ಯುತ್ ವಾಹನಗಳು ನಗರದಲ್ಲಿ ಓಡಾಟ ಮುಂದುವರಿಸಿದವು.

ಕಾನೂನಿನ ಚೌಕಟ್ಟು

ಚಾಲಕನಿಲ್ಲದೆ ಕಾರು ಬಾಡಿಗೆಗೆ ಕೊಡುವ ವ್ಯವಹಾರ 1988ರ ಮೋಟಾರು ವಾಹನಗಳ ಕಾಯ್ದೆಯ 75ನೇ ಸೆಕ್ಷನ್ ಮತ್ತು ಅದರಡಿ ರೂಪುಗೊಂಡ 1989ರ ರೆಂಟ್ ಎ ಕ್ಯಾಬ್ ಯೋಜನೆಗೆ ಒಳಪಡುತ್ತದೆ. ಯೋಜನೆಯಂತೆ ಪರವಾನಗಿ ಬೇಕಾದರೆ ಕನಿಷ್ಠ 50 ಕ್ಯಾಬ್‌ಗಳಿರಬೇಕು. ಇಂತಹ ಕಾರುಗಳಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳ ನೋಂದಣಿ ಸಂಖ್ಯೆ ಇರುತ್ತದೆ. 50 ಕಾರುಗಳ ಈ ನಿಯಮ ಪ್ರವಾಸೋದ್ಯಮದ ದೊಡ್ಡ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಬಡಾವಣೆಯೊಂದರ ಹತ್ತಾರು ಕುಟುಂಬಗಳು ಸೇರಿ ಎರಡು ಮೂರು ಕಾರುಗಳ ಸಂಘ ಕಟ್ಟಿ ಬಾಡಿಗೆ ಪಡೆಯುವ ಸ್ವಿಸ್ ಮಾದರಿಗೆ ಅದರಲ್ಲಿ ಜಾಗವಿಲ್ಲ.

ಇನ್ನೊಂದು ತೊಡಕು ವೈಟ್ ಬೋರ್ಡ್‌ಗೆ ಸಂಬಂಧಿಸಿದ್ದು. ಜೂಮ್‌ಕಾರ್ ತನ್ನದೇ ವಾಹನ ಸಮೂಹವನ್ನು ಇಟ್ಟುಕೊಳ್ಳುವ ಪದ್ಧತಿಯಿಂದ ಕ್ರಮೇಣ ದೂರ ಸರಿದು, ಖಾಸಗಿ ಮಾಲೀಕರ ಕಾರುಗಳನ್ನು ಬಳಕೆದಾರರಿಗೆ ಒದಗಿಸುವ ವೇದಿಕೆಯಾಯಿತು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಸ್‌ಡ್ಯಾಕ್ ಷೇರುಪೇಟೆಗೆ ಸೇರಿತು. ಬಿಳಿ ಫಲಕದ ಖಾಸಗಿ ಕಾರನ್ನು ಹಣಕ್ಕಾಗಿ ಬಾಡಿಗೆಗೆ ಕೊಡಲು ಕಾಯ್ದೆಯಲ್ಲಿ ಅವಕಾಶವಿಲ್ಲವೆಂಬುದು ಸಾರಿಗೆ ಇಲಾಖೆಗಳ ಸಾಮಾನ್ಯ ನಿಲುವು. ಖಾಸಗಿ ಕಾರಿನ ಸಾಮಾನ್ಯ ವಿಮಾ ಪಾಲಿಸಿ ಬಾಡಿಗೆಯ ಬಳಕೆಯನ್ನು ಹೊರಗಿಡುವುದರಿಂದ, ಅಪಘಾತವಾದಾಗ ಪರಿಹಾರ ಯಾರು ಕೊಡಬೇಕೆಂಬ ಪ್ರಶ್ನೆ ಮಾಲೀಕನನ್ನೂ ಚಾಲಕನನ್ನೂ ಸಮಾನವಾಗಿ ಕಾಡುತ್ತದೆ. 2023ರಲ್ಲಿ ಬೆಂಗಳೂರಿನಲ್ಲಿ ಕಾರ್‌ಪೂಲಿಂಗ್ ಆ್ಯಪ್‌ಗಳ ಬಗ್ಗೆ ಎದ್ದ ವಿವಾದದ ಮೂಲವೂ ಇದೇ ಬಿಳಿ ಮತ್ತು ಹಳದಿ ಫಲಕಗಳ ವಿಭಜನೆ. ಯೆಲ್ಲೋ ಬೋರ್ಡ್‌ಗೆ ತೆರಿಗೆ ಕಟ್ಟಿ, ಪರವಾನಗಿ ಪಡೆದು ದುಡಿಯುವ ಟ್ಯಾಕ್ಸಿ ಚಾಲಕರ ಆಕ್ಷೇಪದಲ್ಲಿಯೂ ಹುರುಳಿದೆ.

ಭವಿಷ್ಯ

ವಿದ್ಯುತ್ ಕಾರುಗಳು ಈ ಸೇವೆಗೆ ಎರಡು ರೀತಿಯಲ್ಲಿ ಹೊಂದುತ್ತವೆ. ಹಂಚಿಕೆಯ ಪಯಣಗಳು ಹೆಚ್ಚಾಗಿ ಸಣ್ಣವಾದ್ದರಿಂದ ಬ್ಯಾಟರಿಯ ಮಿತಿ ಅಡ್ಡಿಯಾಗುವುದಿಲ್ಲ. ಕಾರು ಹೆಚ್ಚು ಹೊತ್ತು ಓಡುವುದರಿಂದ ಬ್ಯಾಟರಿಯ ಮೇಲೆ ಹೂಡಿದ ಹಣ ಬೇಗ ಮರಳುತ್ತದೆ. ಆದರೆ ಒಬ್ಬರ ಬಳಿಕ ಇನ್ನೊಬ್ಬರು ಕಾಯ್ದಿರಿಸಿದಾಗ ನಡುವೆ ಬ್ಯಾಟರಿ ತುಂಬಲು ಬಿಡುವು ಬೇಕು, ನಿಲುಗಡೆಯ ಪ್ರತಿ ಜಾಗದಲ್ಲಿಯೂ ಭರ್ತಿ ಕಂಬ ಬೇಕು. ಸಿಂಗಪುರದಲ್ಲಿ 2017ರಲ್ಲಿ ಆರಂಭವಾದ ಬ್ಲೂಎಸ್‌ಜಿ ಎಂಬ ವಿದ್ಯುತ್ ಕಾರು ಹಂಚಿಕೆ ಸೇವೆ, ಕಾರು ಒಡೆತನ ಅತ್ಯಂತ ದುಬಾರಿಯಾದ ಆ ನಗರದಲ್ಲಿಯೂ 2025ರ ಆಗಸ್ಟ್‌ನಲ್ಲಿ ಸ್ಥಗಿತಗೊಂಡಿತು.

ವಸತಿ ಸಮುಚ್ಚಯಗಳಲ್ಲಿ ಕಾರು ಹಂಚಿಕೆಯನ್ನು ಮೊದಲೇ ಅಳವಡಿಸುವ ಪದ್ಧತಿ ಯುರೋಪ್ ಮತ್ತು ಉತ್ತರ ಅಮೆರಿಕದ ಹಲವು ನಗರಗಳಲ್ಲಿ ಹರಡುತ್ತಿದೆ. ಕಟ್ಟಡದವರು ಕೆಲವು ಹಂಚಿಕೆಯ ಕಾರುಗಳನ್ನು ಒದಗಿಸಿದರೆ ನಿಯಮದಂತೆ ನಿರ್ಮಿಸಬೇಕಾದ ನಿಲುಗಡೆ ಜಾಗಗಳ ಸಂಖ್ಯೆಯಲ್ಲಿ ಅವರಿಗೆ ವಿನಾಯಿತಿ ಸಿಗುತ್ತದೆ. ನೆಲಮಾಳಿಗೆಯ ನಿಲುಗಡೆ ಕಟ್ಟುವ ಖರ್ಚು ಉಳಿಯುವುದರಿಂದ ಮನೆಯ ಬೆಲೆಯೂ ಕೊಂಚ ಇಳಿಯಬಹುದು. ನೂರಾರು ಮನೆಗಳಿರುವ ಅಪಾರ್ಟ್‌ಮೆಂಟ್‌ಗಳು ಸಾಲಾಗಿ ಏಳುತ್ತಿರುವ ಬೆಂಗಳೂರಿನಂಥ ನಗರಗಳಿಗೆ ಆ್ಯಪ್ ಆಧಾರಿತ ಮಾರುಕಟ್ಟೆಗಿಂತ ಈ ದಾರಿ ಹೆಚ್ಚು ಸಹಜವಾದೀತು. ಅಲ್ಲಿ ಮೀಸಲು ಜಾಗವಿದೆ, ಕಾವಲಿದೆ, ಬಳಸುವವರ ಪರಸ್ಪರ ಪರಿಚಯವೂ ಇದೆ. ನಗರದ ಬೀದಿ ನಿಲುಗಡೆಗೆ ಶುಲ್ಕ ವಿಧಿಸುವ ಉದ್ದೇಶದ ಪಾರ್ಕಿಂಗ್ ನೀತಿ 2.0 ಬೆಂಗಳೂರಿಗಾಗಿ 2021ರಲ್ಲಿ ರೂಪುಗೊಂಡಿದೆ. ಉಚಿತ ನಿಲುಗಡೆ ಕೊನೆಗೊಂಡ ಬೀದಿಗಳಲ್ಲಿ ಸ್ವಂತ ಕಾರಿನ ಲೆಕ್ಕವೂ ಬದಲಾಗುತ್ತದೆ.

ಚಾಲಕರಹಿತ ಕಾರುಗಳು ಹೆಚ್ಚು ದೂರದ, ಆದರೆ ಆಳವಾದ ಬದಲಾವಣೆಯನ್ನು ತರಬಲ್ಲವು. ಅಮೆರಿಕದ ವೇಮೊ ಸಂಸ್ಥೆ 2020ರಿಂದ ಅರಿಜೋನದ ಫೀನಿಕ್ಸ್ ಪ್ರದೇಶದಲ್ಲಿ ಚಾಲಕರಿಲ್ಲದ ಟ್ಯಾಕ್ಸಿಗಳನ್ನು ಸಾರ್ವಜನಿಕರಿಗೆ ಒದಗಿಸುತ್ತಿದೆ. ಕಾರು ತಾನಾಗಿಯೇ ಬೇಕಾದ ಕಡೆಗೆ ಬರುವಂತಾದರೆ ಏಕಮುಖ ಮಾದರಿಯನ್ನು ಮುಳುಗಿಸಿದ ಮರುಸಾಗಣೆಯ ಖರ್ಚು ಇಲ್ಲವಾಗುತ್ತದೆ. ಟ್ಯಾಕ್ಸಿ, ಬಾಡಿಗೆ ಕಾರು, ಹಂಚಿಕೆಯ ಕಾರು ಎಂಬ ವಿಂಗಡಣೆಯೂ ಅಳಿಸಿಹೋಗಬಹುದು. ಆದರೆ ಪ್ರಯಾಣಿಕರನ್ನು ಹುಡುಕುತ್ತ ಖಾಲಿ ಕಾರುಗಳು ಬೀದಿಗಳಲ್ಲಿ ಸುತ್ತಾಡಿದರೆ ವಾಹನ ದಟ್ಟಣೆ ಈಗಿರುವುದಕ್ಕಿಂತ ಹೆಚ್ಚುವುದೆಂಬ ಆತಂಕವನ್ನು ಸಾರಿಗೆ ತಜ್ಞರು ವ್ಯಕ್ತಪಡಿಸಿದ್ದಾರೆ.